ಮಂತ್ರ ಹೇಳಿದರೆ ಓಡುವ ಬಾಹ್ಯಾಕಾಶ ನೌಕೆ: ಈ ಕಾದಂಬರಿ ಯಾವ ಗುಂಪಿಗೆ?

ನೌಕೆಯವಳು:
ಕಾದಂಬರಿಯೊಂದನ್ನು ಬರೆದು ಮುಗಿಸಿದ್ದೇನೆ. ನಾಯಕಿ ಮಂತ್ರ ಹೇಳಿದರೆ ಮಾತ್ರ ನೌಕೆಯ ಎಂಜಿನ್ ಚಾಲೂ ಆಗುತ್ತದೆ. ಒಂದಕ್ಷರ ತಪ್ಪಿದರೂ ಮಿಸುಕಾಡುವುದಿಲ್ಲ. ಓದಿದವರಲ್ಲಿ ಒಬ್ಬರು ವೈಜ್ಞಾನಿಕ ಕಾದಂಬರಿ ಅಂದರು, ಇನ್ನೊಬ್ಬರು ಅಪ್ಪಟ ಫ್ಯಾಂಟಸಿ ಅಂದರು. ಪ್ರಕಾಶಕರಿಗೆ ಏನಂತ ಬರೆಯಲಿ?

ಓದುಗ:
ನೌಕೆ ಇದೆಯಲ್ಲ, ವೈಜ್ಞಾನಿಕವೇ.

ಪುಸ್ತಕಪ್ರಿಯೆ:
ನೌಕೆ ಇದ್ದ ಮಾತ್ರಕ್ಕೆ ಆಗಲ್ಲ. ಡ್ರ್ಯಾಗನ್ ಇದ್ದ ಮಾತ್ರಕ್ಕೆ ಫ್ಯಾಂಟಸಿಯೂ ಆಗಲ್ಲ. ಆ್ಯನ್ ಮೆಕ್‌ಕ್ಯಾಫ್ರಿಯ ಪರ್ನ್ ಸರಣಿ ನೋಡಿ. ಅಲ್ಲಿನ ಡ್ರ್ಯಾಗನ್‌ಗಳು ಒಂದು ಜಾತಿಯ ಕಲ್ಲನ್ನು ಅಗಿದು ನುಂಗುತ್ತವೆ, ಅದರಿಂದ ಹೊಟ್ಟೆಯಲ್ಲಿ ಫಾಸ್ಫೀನ್ ಅನಿಲ ಹುಟ್ಟುತ್ತದೆ, ಉಗುಳಿದಾಗ ಗಾಳಿಗೆ ಸೋಕಿ ಹತ್ತಿಕೊಳ್ಳುತ್ತದೆ. ಕಲ್ಲು ಮುಗಿದರೆ ಬೆಂಕಿಯೂ ಮುಗಿಯಿತು! ಆ ಪ್ರಾಣಿಗಳೇ ಮನುಷ್ಯರು ತಳಿ ತಿದ್ದಿ ಮಾಡಿದವು. ತಾನು ಬರೆದದ್ದು ವೈಜ್ಞಾನಿಕ ಸಾಹಿತ್ಯ ಅಂತಲೇ ಲೇಖಕಿ ವಾದಿಸುತ್ತಿದ್ದರು. ನನಗೂ ಅದೇ ಸರಿ ಅನಿಸುತ್ತದೆ.

ನಿಮ್ಮ ವಿಷಯದಲ್ಲಿ ನಾನು ಕೇಳುವುದು ಇಷ್ಟೇ. ಆ ಮಂತ್ರವನ್ನು ರೆಕಾರ್ಡ್ ಮಾಡಿ ಎಂಜಿನ್ ಮುಂದೆ ಹಾಕಿದರೆ ಚಾಲೂ ಆಗುತ್ತಾ? ಆಗುವುದಾದರೆ ಅದು ಮಂತ್ರದ ವೇಷ ಹಾಕಿದ ಪಾಸ್‌ವರ್ಡ್. ಆಕೆಯ ಬಾಯಿಂದಲೇ ಬರಬೇಕು, ಅದಕ್ಕೆ ಕಾರಣ ಆಕೆಯ ದೀಕ್ಷೆಯೋ ತ್ಯಾಗವೋ ಆಗಿದ್ದರೆ, ಫ್ಯಾಂಟಸಿ.

ಇರುಳೋದು:
ಈ ಅಳತೆ ಪರ್ನ್‌ಗೇ ಪೂರ್ತಿ ಒಗ್ಗಲ್ಲ. ಸವಾರನೂ ಡ್ರ್ಯಾಗನ್ನೂ ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತವಲ್ಲ, ಅದನ್ನು ಯಾವುದರಲ್ಲಿ ರೆಕಾರ್ಡ್ ಮಾಡೋದು? ಜೀನ್ ವುಲ್ಫ್ ಅವರ ‘ಬುಕ್ ಆಫ್ ದ ನ್ಯೂ ಸನ್’ ಇನ್ನೂ ಕಷ್ಟ. ಮೊದಲ ಸಂಪುಟಕ್ಕೆ 1981ರಲ್ಲಿ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಬಂತು. ನಾಲ್ಕನೆಯದಕ್ಕೆ 1984ರಲ್ಲಿ ವೈಜ್ಞಾನಿಕ ಕಾದಂಬರಿಗೆ ಕೊಡುತ್ತಿದ್ದ ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್ ಸ್ಮಾರಕ ಪ್ರಶಸ್ತಿ. ಕತೆ ಒಂದೇ!

ಪುಸ್ತಕಪ್ರಿಯೆ:
ಮನಸ್ಸಿನ ಮಾತಿನ ವಿಷಯ ಒಪ್ಪಿದೆ, ಅಲ್ಲಿ ಗೆರೆ ಮಸುಕು. ವುಲ್ಫ್‌ಗೆ ‘ಸೈನ್ಸ್ ಫ್ಯಾಂಟಸಿ’ ಅನ್ನುವ ಹೆಸರೇ ಹೊಂದುತ್ತದೆ. ಆದರೆ ಪ್ರಕಾಶಕರ ಫಾರ್ಮ್‌ನಲ್ಲಿ ಆ ಆಯ್ಕೆ ಇರುವುದು ಅಪರೂಪ.

ನೌಕೆಯವಳು:
ರೆಕಾರ್ಡ್ ಪ್ರಶ್ನೆಗೆ ಉತ್ತರ ಕತೆಯಲ್ಲೇ ಇದೆ. ಕಳ್ಳನೊಬ್ಬ ಮಂತ್ರವನ್ನು ಕದ್ದು ಕೇಳಿ, ಸ್ವಲ್ಪವೂ ತಪ್ಪದೆ ಹೇಳುತ್ತಾನೆ. ಎಂಜಿನ್ ಸುಮ್ಮನಿರುತ್ತದೆ. ನಾಯಕಿ ಪ್ರತಿ ಸಲ ಮಂತ್ರ ಹೇಳಿದಾಗಲೂ ಬಾಲ್ಯದ ಒಂದು ನೆನಪು ಅಳಿಸಿಹೋಗುತ್ತದೆ. ಕಳ್ಳ ಏನನ್ನೂ ಕೊಟ್ಟಿಲ್ಲ.

ಪುಸ್ತಕಪ್ರಿಯೆ:
ಹಾಗಾದರೆ ಧೈರ್ಯವಾಗಿ ಫ್ಯಾಂಟಸಿ ಅಂತ ಬರೆಯಿರಿ. ನೌಕೆಯ ವಿಷಯ ಕಥಾಸಾರದ ಮೊದಲ ಸಾಲಿನಲ್ಲೇ ಬರಲಿ. ಆ ಕಳ್ಳನ ಅಧ್ಯಾಯವನ್ನೇ ಮಾದರಿಯಾಗಿ ಕಳಿಸಿ.