ಹಾಯಿದೋಣಿಯ ವ್ಯಾಕ್ಯೂಮ್ ಕಮೋಡ್: ಯಾರೂ ಬಳಸದಿದ್ದರೂ ಪಂಪ್ ತಾನೇ ಚಾಲೂ ಆಗುತ್ತಿದೆ

ಕೋಡಿಬಾಗದವ:
ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಒಬ್ಬರ ಹಾಯಿದೋಣಿ ನೋಡಿಕೊಳ್ಳುವ ಕೆಲಸ ನನ್ನದು. ಮಾಲೀಕರು ಬೆಂಗಳೂರಲ್ಲಿರುತ್ತಾರೆ, ರಜೆಗೆ ಮಾತ್ರ ಬರುತ್ತಾರೆ. ದೋಣಿ ಕಾಳಿ ನದಿಯ ಬಾಯಲ್ಲಿ, ಸೇತುವೆಯಿಂದ ಸಮುದ್ರದ ಕಡೆಗೆ ನಿಂತಿದೆ. ಮಾಸ್ಟ್ ಎತ್ತರ ಇರುವುದರಿಂದ ಸೇತುವೆ ದಾಟಿ ಒಳಗೆ ಹೋಗುವ ಮಾತೇ ಇಲ್ಲ. ಇದರಲ್ಲಿ ಇರುವುದು ವ್ಯಾಕ್ಯೂಮ್ ಕಮೋಡ್. ಪೆಡಲ್ ಒತ್ತಿದರೆ ಠಪ್ ಅಂತ ಎಳೆದುಕೊಳ್ಳುವಂಥದ್ದು.

ಈಗ ಏನಾಗಿದೆ ಅಂದರೆ ರಾತ್ರಿ ದೋಣಿಯಲ್ಲಿ ಯಾರೂ ಅದನ್ನು ಮುಟ್ಟದಿದ್ದರೂ ಕಾಲು ಗಂಟೆಗೊಮ್ಮೆ ಪಂಪ್ ಗುರ್ ಅಂತ ಓಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಗುರ್. ನಿದ್ದೆಯೂ ಹಾಳು, ಬೆಳಿಗ್ಗೆ ನೋಡಿದರೆ ಬ್ಯಾಟರಿಯೂ ಡೌನ್. ಎಳೆಯುವ ಜೋರು ಸಹ ಕಡಿಮೆ ಆಗಿದೆ. ಊರಿನ ಪ್ಲಂಬರ್ ಒಬ್ಬರನ್ನು ಕರೆದುಕೊಂಡು ಹೋಗಿದ್ದೆ, ಅವರು ಪಂಪ್ ಹೋಗಿದೆ, ಹೊಸದು ಹಾಕಿ ಅಂದರು. ಅದರ ರೇಟು ಕೇಳಿ ಮಾಲೀಕರು ಫೋನಲ್ಲೇ ಸುಮ್ಮನಾದರು. ನಿಜವಾಗಿ ಪಂಪೇ ಹೋಗಿರುತ್ತದಾ?

ಬೈತಖೋಲ್ ಡೀಸೆಲ್:
ಮೊದಲು ಕರೆಂಟ್ ನೋಡು ಮಾರಾಯ. ಮಳೆಗಾಲ ಕಳೆದ ಮೇಲೆ ನಮ್ಮ ಮೀನು ಬೋಟ್‌ಗಳಲ್ಲೂ ಇದೇ ಕಥೆ, ಟರ್ಮಿನಲ್ ಮೇಲೆಲ್ಲ ಹಸಿರು ಹಿಡಿದಿರುತ್ತದೆ. ಪಂಪ್ ಓಡುತ್ತಿರುವಾಗಲೇ ಅದರ ವೈರ್ ಮೇಲೆ ಮೀಟರ್ ಇಟ್ಟು ನೋಡು, ನಿಂತಿರುವಾಗ 12 ವೋಲ್ಟ್ ತೋರಿಸುವುದಕ್ಕೆ ಅರ್ಥ ಇಲ್ಲ. ಇನ್ನು ಗಾಳಿ ಲೀಕ್ ಇದ್ದರೆ ಲಾರಿ ಟ್ಯೂಬ್ ಕತ್ತರಿಸಿ ವಾಶರ್ ಮಾಡಿ ಹಾಕು, ಸಾಕು. ಇದಕ್ಕೆಲ್ಲ ಕಂಪನಿ ಪಾರ್ಟ್ ಯಾಕೆ?

ಶಿರಸಿ ಪೇಟೆ:
ನಾನು ಘಟ್ಟದ ಮೇಲಿನವ, ದೋಣಿ ಗೊತ್ತಿಲ್ಲ. ಕುತೂಹಲಕ್ಕೆ ಕೇಳುತ್ತೇನೆ. ಸುತ್ತ ಅಷ್ಟು ನೀರಿರುವಾಗ ಕಮೋಡಿಗೆ ಗಾಳಿ ಎಳೆಯುವ ಪಂಪ್ ಯಾಕೆ? ಬಕೆಟಲ್ಲಿ ಸಮುದ್ರದ ನೀರು ಎತ್ತಿ ಹಾಕಿದರೆ ಆಗಲ್ವಾ?

ಅಂಕೋಲಾ ಟು ಗೋವಾ:
ಶಿರಸಿಯವರಿಗೆ ಮೊದಲು ಹೇಳಿಬಿಡುತ್ತೇನೆ. ಹಾಕಿದ ನೀರೆಲ್ಲ ಹೋಗುವುದು ದೋಣಿಯ ಹೊಟ್ಟೆಯಲ್ಲಿರುವ ಟ್ಯಾಂಕಿಗೆ. ಬಕೆಟ್ ಲೆಕ್ಕದಲ್ಲಿ ಸುರಿದರೆ ಒಂದೇ ದಿನಕ್ಕೆ ತುಂಬುತ್ತದೆ. ವ್ಯಾಕ್ಯೂಮ್ ಇದ್ದರೆ ಒಂದು ಸಲಕ್ಕೆ ಅರ್ಧ ಲೀಟರ್ ಆಸುಪಾಸು ಸಾಕು. ಅದೂ ಸಿಹಿನೀರು. ಉಪ್ಪುನೀರಿಗೆ ಮೂತ್ರ ಸೇರಿದರೆ ಪೈಪಿನೊಳಗೆ ಸುಣ್ಣ ಕಟ್ಟುತ್ತದೆ, ಬರಬರುತ್ತಾ ಪೈಪಿನ ಬಾಯೇ ಕಿರಿದಾಗುತ್ತದೆ. ನಿಂತ ಸಮುದ್ರದ ನೀರು ನಾತ ಹೊಡೆಯುವುದು ಬೇರೆ.

ಈಗ ಕೋಡಿಬಾಗದ ತಮ್ಮನಿಗೆ. ಪಂಪ್ ತಗೋಬೇಡ. ನೀನು ಹೇಳಿದ್ದನ್ನೇ ಇನ್ನೊಮ್ಮೆ ನೋಡು, ಅದು ಓಡಿ ನಿಲ್ಲುತ್ತದೆ ಅಂದೆ. ನಿಲ್ಲುತ್ತದೆ ಅಂದರೆ ಎಳೆಯಬೇಕಾದಷ್ಟು ಎಳೆದಿದೆ ಅಂತಲೇ ಅರ್ಥ. ಪಾದರಸದ ಲೆಕ್ಕದಲ್ಲಿ 10 ಇಂಚು ವ್ಯಾಕ್ಯೂಮ್ ಆದಾಗ ವ್ಯಾಕ್ಯೂಮ್ ಟ್ಯಾಂಕಿನ (ಹೊಲಸಿನ ಟ್ಯಾಂಕ್ ಅಲ್ಲ) ಮೇಲಿರುವ ಸ್ವಿಚ್ ಪಂಪನ್ನು ನಿಲ್ಲಿಸುತ್ತದೆ. ಆಮೇಲೆ ಎಲ್ಲಿಂದಲೋ ಗಾಳಿ ಒಳಗೆ ಸೇರಿ ವ್ಯಾಕ್ಯೂಮ್ ಇಳಿದಾಗ ಮತ್ತೆ ಚಾಲೂ ಮಾಡುತ್ತದೆ. ಬಳಸದೇ ಇರುವಾಗ ಮೂರು ಗಂಟೆಗೊಮ್ಮೆಗಿಂತ ಜಾಸ್ತಿ ಓಡಿದರೆ ಲೀಕ್ ಇದೆ ಅಂತ ಹಿಡಿ. ನಿಂದು ಕಾಲು ಗಂಟೆಗೇ ಓಡುತ್ತಿದೆ, ಅನುಮಾನವೇ ಇಲ್ಲ. ಪಂಪ್ ಹೋಗಿದ್ದರೆ, ಅಂದರೆ ಒಳಗೆ ಹಿಗ್ಗಿ ಕುಗ್ಗಿ ಎಳೆಯುವ ರಬ್ಬರ್ ಬೆಲೋಸ್ ಹರಿದಿದ್ದರೆ, ಅದು ನಿಲ್ಲದೇ ಓಡುತ್ತಲೇ ಇರುತ್ತಿತ್ತು.

ರಾತ್ರಿ ಒಂದು ಕೆಲಸ ಮಾಡು. ಪಂಪ್ ಓಡಿ ನಿಂತ ಮೇಲೆ ಪೆಡಲನ್ನು ಮೇಲೆತ್ತು, ಒತ್ತಬೇಡ. ಎತ್ತಿದರೆ ನೀರಷ್ಟೇ ಬರುತ್ತದೆ. ಬಟ್ಟಲು ಅರ್ಧ ತುಂಬಿಸಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು ಬಿಟ್ಟುಬಿಡು. ಬೆಳಿಗ್ಗೆ ನೀರು ಇಳಿದಿದ್ದರೆ ಲೀಕ್ ಇರುವುದು ಬಟ್ಟಲ ತಳದ ಸೀಲ್‌ನಲ್ಲಿ. ನೀರು ಹಾಗೇ ನಿಂತಿದ್ದು ಪಂಪ್ ಮಾತ್ರ ಓಡುತ್ತಿದ್ದರೆ ಲೀಕ್ ಮುಂದೆ ಎಲ್ಲೋ ಇದೆ, ಪೈಪಿನ ಜಾಯಿಂಟ್ ಅಥವಾ ಪಂಪಿನ ವಾಲ್ವ್. ಇಷ್ಟು ಗೊತ್ತಾಗುವ ತನಕ ಏನನ್ನೂ ಬಿಚ್ಚಬೇಡ, ಹೊಲಸು ಕೆಲಸ ಅದು.

ಸೀಲ್ ಆದರೆ ಹೊಸದು ತರಿಸುವ ಮೊದಲು ಬಟ್ಟಲನ್ನೂ ಬುಡವನ್ನೂ ಹಿಡಿದಿರುವ ಸ್ಟೀಲ್ ಪಟ್ಟಿಯ ಬೋಲ್ಟ್ ನೋಡು, ಎಷ್ಟೋ ಸಲ ಅದು ಸಡಿಲ ಆಗಿರುತ್ತದೆ, ಅಷ್ಟೇ. ಬಿಗಿ ಮಾಡಿದರೂ ನೀರು ಇಳಿದರೆ ಬಿಚ್ಚಿ ಸೀಲ್ ಒರೆಸು. ಅದರ ಅಂಚಿನಲ್ಲಿ ಮರಳಿನಷ್ಟು ಸುಣ್ಣ ಅಂಟಿದ್ದರೂ ಬಟ್ಟಲ ತಳ ಮುಚ್ಚುವ ಚೆಂಡು (ಪೆಡಲ್ ಒತ್ತಿದರೆ ತಿರುಗುವಂಥದ್ದು) ಪೂರ್ತಿ ಮುಚ್ಚಲ್ಲ. ವಿನೆಗರಲ್ಲಿ ನೆನೆಸಿದರೆ ಸುಣ್ಣ ಬಿಡುತ್ತದೆ. ಬ್ಲೀಚು, ಡ್ರೈನ್ ಕ್ಲೀನರ್ ಹತ್ತಿರವೂ ತರಬೇಡ, ರಬ್ಬರ್ ತಿನ್ನುತ್ತದೆ.

ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡುವ ಉಪಾಯ ಇಲ್ಲಿ ನಡೆಯಲ್ಲ. ಗಾಳಿ ಹೊರಗೆ ಬರುವುದಿಲ್ಲ, ಒಳಗೆ ಹೋಗುತ್ತದೆ. ಸುಮ್ನೆ ಒಂದೊಂದು ಕ್ಲಿಪ್ಪನ್ನೂ ಬಿಗಿ ಮಾಡುತ್ತಾ ಹೋಗು.

ಡೀಸೆಲ್ ಅಣ್ಣ, ವೋಲ್ಟೇಜ್ ಮಾತು ಒಪ್ಪುತ್ತೇನೆ, ಕಡಿಮೆ ಇದ್ದರೆ ಪಂಪ್ ನಿಧಾನ ಆಗುತ್ತದೆ. ಆದರೆ ನಿಂತ ಪಂಪ್ ಮತ್ತೆ ಮತ್ತೆ ಚಾಲೂ ಆಗುವುದಕ್ಕೆ ಅದು ಕಾರಣ ಅಲ್ಲ. ಟ್ಯೂಬ್ ರಬ್ಬರ್ ಮಾತ್ರ ಬೇಡವೇ ಬೇಡ. ಆ ಚೆಂಡು ಸೀಲ್ ಮೇಲೆ ಉಜ್ಜಿಕೊಂಡು ತಿರುಗುತ್ತದೆ, ಟ್ಯೂಬ್ ಹಾಕಿದರೆ ಪೆಡಲೇ ತಿರುಗಲ್ಲ.

ಬೈತಖೋಲ್ ಡೀಸೆಲ್:
ಆಯ್ತಪ್ಪ, ಚೆಂಡಿಗೆ ಬೇಡ. ಪೈಪಿಗೆ ಸುತ್ತೋಕೆ ನಡೆಯುತ್ತದೆ.

ಕೋಡಿಬಾಗದವ:
ಅಣ್ಣ, ಗೆರೆ ಎಳೆದು ನೋಡಿದೆ. ಬೆಳಿಗ್ಗೆಗೆ ಬಟ್ಟಲಲ್ಲಿ ಒಂದು ಹನಿ ನೀರಿಲ್ಲ! ಪಟ್ಟಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿದರೆ ಎರಡು ಸುತ್ತು ಹಾಗೇ ಒಳಗೆ ಹೋಯಿತು. ಈಗ ನೀರು ಗೆರೆಯಲ್ಲೇ ನಿಲ್ಲುತ್ತಿದೆ. ಪಂಪ್ ಓಡುವುದೂ ಕಡಿಮೆ ಆಗಿದೆ, ಆದರೆ ಪೂರ್ತಿ ನಿಂತಿಲ್ಲ. ಗಂಟೆಗೊಮ್ಮೆ ಈಗಲೂ ಗುರ್ ಅನ್ನುತ್ತದೆ. ಕ್ಲಿಪ್ಪೆಲ್ಲ ಬಿಗಿ ಮಾಡಿದ್ದೇನೆ.

ಅಂಕೋಲಾ ಟು ಗೋವಾ:
ಹಾಗಾದರೆ ಡಕ್‌ಬಿಲ್ ವಾಲ್ವ್. ಪಂಪಿನ ಎರಡೂ ಕಡೆ ಎರಡೆರಡು, ಒಟ್ಟು ನಾಲ್ಕು ಇರುತ್ತವೆ. ಮುಚ್ಚಿದ ತುಟಿಯ ಹಾಗಿರುವ ರಬ್ಬರ್ ತುಂಡು, ಒಂದು ಕಡೆಗೆ ಮಾತ್ರ ಬಿಡುತ್ತದೆ. ನಡುವೆ ಏನಾದರೂ ಸಿಕ್ಕಿಕೊಂಡರೆ ಪೂರ್ತಿ ಮುಚ್ಚದೆ ಗಾಳಿ ಹಿಂದಕ್ಕೆ ನುಸುಳುತ್ತದೆ. ಮೊದಲು ಮೇನ್ ಸ್ವಿಚ್ ಆಫ್ ಮಾಡು, ಪೆಡಲ್ ಒತ್ತಿ ಹಿಡಿದು ಫುಸ್ ಅನ್ನುವುದು ನಿಲ್ಲುವ ತನಕ ಕಾಯಿ, ಕೈಗವಸು ಹಾಕಿಕೋ, ಕೆಳಗೆ ಹಳೇ ಬಟ್ಟೆ ಹಾಸು. ಆಮೇಲೆ ಬಿಚ್ಚು. ವಾಲ್ವನ್ನು ತೊಳೆದು ಬೆಳಕಿಗೆ ಹಿಡಿ, ತುಟಿ ನಡುವೆ ಬೆಳಕು ಕಂಡರೆ ಅದರ ಆಯಸ್ಸು ಮುಗಿದಿದೆ. ತಿರುಗಿ ಹಾಕುವಾಗ ಕಿರಿದಾದ ಬಾಯಿ ಹೊಲಸು ಟ್ಯಾಂಕಿನ ಕಡೆಗೇ ಇರಬೇಕು. ಒಂದು ಹೋಗಿದ್ದರೂ ನಾಲ್ಕನ್ನೂ ಬದಲಿಸು, ಒಂದೊಂದಕ್ಕೆ ಮತ್ತೆ ಮತ್ತೆ ಆ ವಾಸನೆ ಯಾರಿಗೆ ಬೇಕು.

ಕೋಡಿಬಾಗದವ:
ಬಿಚ್ಚಿದೆ ಅಣ್ಣ. ಕಮೋಡಿನ ಕಡೆಯ ವಾಲ್ವ್‌ನಲ್ಲಿ ಮುಖ ಒರೆಸುವ ಒದ್ದೆ ಟಿಶ್ಯೂ ಹಗ್ಗದ ಹಾಗೆ ಹುರಿಗೊಂಡು ಕೂತಿತ್ತು. ಅತಿಥಿಗಳ ಕೆಲಸ. ಟಾಯ್ಲೆಟ್ ಬಾಗಿಲಿಗೆ ಕನ್ನಡ, ಕೊಂಕಣಿ, ಇಂಗ್ಲಿಷ್ ಮೂರರಲ್ಲೂ ಬೋರ್ಡ್ ಬರೆದು ಹಾಕಿದ್ದೇನೆ, ಮಾಲೀಕರ ನೆಂಟರಿಗೂ ಸೇರಿಸಿ. ಹಳೇ ವಾಲ್ವನ್ನೇ ತೊಳೆದು ಹಾಕಿದ್ದೇನೆ, ರಾತ್ರಿಯಿಡೀ ಸದ್ದಿಲ್ಲ. ಹೊಸ ಸೆಟ್ ಗೋವಾದಿಂದ ತರಿಸುತ್ತೇನೆ.

ಇನ್ನೊಂದು. ಟ್ಯಾಂಕ್ ತುಂಬುತ್ತಾ ಬಂದಿದೆ. ಇಳಿತದ ಹೊತ್ತಲ್ಲಿ ಇಲ್ಲೇ ಬಿಟ್ಟರೆ ನದಿ ಎಳೆದುಕೊಂಡು ಹೋಗುತ್ತದೆ ಅನ್ನುತ್ತಾರೆ ಒಬ್ಬರು, ಸರಿನಾ?

ಅಂಕೋಲಾ ಟು ಗೋವಾ:
ಛೆ, ಬೇಡ. ಅದೇ ಕಾಳಿ ಹಿನ್ನೀರಲ್ಲಿ ಹೆಂಗಸರು ಸೊಂಟದ ಮಟ್ಟ ನೀರಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಮೀನು) ಹೆಕ್ಕುತ್ತಾರೆ, ಸಂಜೆಗೆ ಅದು ನಿನ್ನ ಮನೆಗೇ ಬರುತ್ತದೆ. ಇಳಿತದಲ್ಲಿ ಹೋದದ್ದು ಭರತಕ್ಕೆ ವಾಪಸ್ಸೂ ಬರುತ್ತದೆ. ದೊಡ್ಡ ಹಡಗಿನವರಿಗೆ ಶುದ್ಧ ಮಾಡದ ಹೊಲಸು ಬಿಡಬೇಕಾದರೆ ದಡದಿಂದ 12 ನಾಟಿಕಲ್ ಮೈಲಿ ಆಚೆ ಹೋಗಬೇಕು ಅಂತ ಮಾರ್ಪೋಲ್ ನಿಯಮ, ಅಂದರೆ ಹಡಗುಗಳಿಂದ ಸಮುದ್ರ ಕೆಡದಂತೆ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ, ಇದೆ. ನಿನ್ನ ದೋಣಿ ಸಣ್ಣದು, ಆ ಲೆಕ್ಕಕ್ಕೆ ಬರಲ್ಲ, ಆದರೂ ಅದನ್ನೇ ಅಳತೆ ಅಂತ ಇಟ್ಟುಕೋ. ದೇವಗಡ ದ್ವೀಪದ ಲೈಟ್‌ಹೌಸ್ ದಾಟಿದ ಕೂಡಲೇ ಮುಗಿಯಿತು ಅಂದುಕೊಳ್ಳಬೇಡ, ಅದು ದಡಕ್ಕೆ ಹತ್ತಿರವೇ. ಆಗಲ್ಲ ಅಂದರೆ ಸಕ್ಕಿಂಗ್ ಟ್ಯಾಂಕರಿನವರ ಹತ್ತಿರ ಮಾತಾಡಿ ಜೆಟ್ಟಿಯಲ್ಲಿ ಖಾಲಿ ಮಾಡಿಸು.

ಖಾಲಿ ಮಾಡಿಸುವ ಮೊದಲು ಟ್ಯಾಂಕಿನ ವೆಂಟ್ ಪೈಪ್ ಬಾಯಿ ನೋಡು. ಮಳೆಗಾಲದಲ್ಲಿ ಕಣಜದ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟಿರುತ್ತದೆ. ಅದು ಮುಚ್ಚಿದ್ದರೆ ಟ್ಯಾಂಕ್ ಹೀರುವಾಗ ಗಾಳಿ ಒಳಗೆ ಬರದೆ ಟ್ಯಾಂಕೇ ಒಳಗೆ ಅಪ್ಪಚ್ಚಿ ಆಗಬಹುದು. ಒಂದು ತಂತಿ ಹಾಕಿ ಬಿಡಿಸು.

ಕೋಡಿಬಾಗದವ:
ಗೂಡು ಇದೆ ಅಣ್ಣ! ಈಗಲೇ ತಂತಿ ತರುತ್ತೇನೆ.