ರೇ ಟ್ರೇಸಿಂಗ್‌ಗೆ "ಜಾಡು" ಅನ್ಬಹುದಾ?

ಎಲ್ರಿಗೂ ನಮಸ್ಕಾರ. ಉಡುಪಿಯಲ್ಲಿ ಪಿಯು ಮಕ್ಕಳಿಗೆ ಅಂತ ಭೂಕಂಪದ ಬಗ್ಗೆ ಕನ್ನಡದಲ್ಲಿ ಒಂದು ಪಾಠ ಬರೀತಾ ಇದ್ದೇನೆ, ಒಂದು ಪದ ಸತಾಯಿಸ್ತಾ ಉಂಟು. ಭೂಕಂಪದ ಅಲೆ ನೆಲದಡಿ ಯಾವ ದಾರಿಯಲ್ಲಿ ಬಂತು ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕೋದಕ್ಕೆ ರೇ ಟ್ರೇಸಿಂಗ್ ಅಂತಾರಲ್ಲ, ಅದಕ್ಕೆ "ಕಿರಣದ ಜಾಡು ಹಿಡಿಯುವುದು" ಅಂತ ಬರೆದಿದ್ದೆ. ಓದಿದ ಅಕ್ಕ "ಎಂತ ಮಾರಾಯ, ಚಿರತೆ ಹುಡುಕ್ಲಿಕ್ಕೆ ಹೋಗುದಾ?" ಅಂದ್ಳು.

ಅವಳ ತಕರಾರು ಸರಿಯೇ. ಜಾಡು ಅಂದ್ರೆ ಹೋದದ್ದು ಬಿಟ್ಟುಹೋದ ಗುರುತು, ಕೆಸರಲ್ಲಿ ಹೆಜ್ಜೆ ಮೂಡಿದ ಹಾಗೆ. ಅಲೆ ಬಂಡೆಯೊಳಗೆ ಅಂಥದ್ದೇನೂ ಬಿಡುದಿಲ್ಲ, ಕಂಪನ ಅಳೆಯುವ ಸ್ಟೇಷನ್ನಿಗೆ ಅದು ಮುಟ್ಟಿದ ಹೊತ್ತು ನಮ್ಮ ಕೈಗೆ ಸಿಗ್ತದೆ ಅಷ್ಟೆ. ಭೂಮಿಯ ತೊಗಟೆಯಲ್ಲಿ ಪಿ ಅಲೆ (ಭೂಕಂಪದ ಅಲೆಗಳಲ್ಲಿ ಎಲ್ಲಕ್ಕಿಂತ ವೇಗದ್ದು) ಸೆಕೆಂಡಿಗೆ ಸುಮಾರು 6 ಕಿಮೀ ಓಡಿದ್ರೆ ಅದರ ಕೆಳಗಿನ ಮ್ಯಾಂಟಲ್‌ನಲ್ಲಿ ಸುಮಾರು 8, ಹಾಗಾಗಿ ದೂರದ ಸ್ಟೇಷನ್ನಿಗೆ ಕೆಳಗಿಳಿದು ಸುತ್ತಿ ಬಂದ ಅಲೆಯೇ ಮೊದ್ಲು ಮುಟ್ಟುದು, ಪೇಟೆಯೊಳಗಿನ ಹತ್ತಿರದ ರೋಡ್ ಬಿಟ್ಟು ಹೈವೇ ಹಿಡಿದವ ಬೇಗ ತಲುಪಿದ ಹಾಗೆ.

ಈ ದಾರಿ ಹುಡುಕ್ಲಿಕ್ಕೆ ಶೂಟಿಂಗ್ ಮೆಥಡ್ ಅಂತ ಒಂದುಂಟು, ಮಾವಿನಕಾಯಿಗೆ ಕಲ್ಲು ಬಿಸಾಡಿದ ಹಾಗೇ: ಒಂದು ಕೋನದಲ್ಲಿ ಕಿರಣ ಬಿಡುದು, ಸ್ಟೇಷನ್ ದಾಟಿ ಆಚೆ ಬಿದ್ರೆ ಕೋನ ಚೂರು ತಿದ್ದಿ ಇನ್ನೊಂದು, ಹೀಗೆ ತಾಗುವ ತನಕ. ಶೂಟಿಂಗ್ ಅಂತಲೇ ಬಿಟ್ರೆ ಮಕ್ಕಳಿಗೆ ಸಿನಿಮಾ ನೆನಪಾಗ್ತದೆ, "ಎಸೆತ" ಸಾಕು ಅನ್ಸ್ತದೆ. ಇನ್ನೊಂದು ವಿಧಾನ ಬೆಂಡಿಂಗ್, ಅದರಲ್ಲಿ ಎರಡು ತುದಿ ಹಿಡಿದು ನಡುವಿನ ಗೆರೆಯನ್ನ ಸಮಯ ಅತಿ ಕಡಿಮೆ ಆಗುವವರೆಗೆ ಬಗ್ಗಿಸುದು, ಅದಕ್ಕೆ "ಬಗ್ಗಿಸುವ ವಿಧಾನ".

ಸರಿ ಅಂತ ಜಾಡು ಹೊಡೆದುಹಾಕಿ "ಕಿರಣಹಾದಿಯ ಲೆಕ್ಕ" ಅಂತ ಬರೆದೆ, ತುಳುವಿನ ಸಾದಿ ಆಡುವ ಬಾಯಿಗೆ ಹಾದಿ ಹತ್ತಿರದ್ದೇ. ಆದ್ರೆ ಮುಂದಿನ ಪುಟದಲ್ಲಿ ಫಾಸ್ಟ್ ಮಾರ್ಚಿಂಗ್ ಅನ್ನುವ ವಿಧಾನ ಬಂತು, ಗಣಿತಜ್ಞ ಜೇಮ್ಸ್ ಸೇಥಿಯನ್ 1996ರಲ್ಲಿ ಪ್ರಕಟಿಸಿದ್ದು. ಅದರಲ್ಲಿ ಕಿರಣ ಬಿಡುದೇ ಇಲ್ಲ, ನೆಲದಡಿಯನ್ನ ಚೌಕಚೌಕ ಮಾಡಿ ಅಲೆ ಹರಡಿದಂತೆ ಪ್ರತಿ ಚುಕ್ಕೆಗೂ ಅದು ಮುಟ್ಟುವ ಸಮಯ ಬರೀತಾ ಹೋಗುದು, ಎಲ್ಲ ಬರೆದಾದ ಮೇಲೆ ಸ್ಟೇಷನ್ನಿಂದ ಹೊರಟು ಸಮಯ ಎತ್ತ ಕಡೆ ಬೇಗ ಇಳೀತದೋ ಅತ್ತ ನಡೀತಾ ಭೂಕಂಪ ಆದ ಜಾಗಕ್ಕೇ ವಾಪಸ್. ಇಲ್ಲಿ ಬರೆದಿಟ್ಟ ಗುರುತು ಉಂಟು, ಹಿಮ್ಮುಖ ನಡಿಗೆಯೂ ಉಂಟು, ಇದು ಸಾಕ್ಷಾತ್ ಜಾಡು ಹಿಡಿಯುದೇ ಅಲ್ವಾ?

ಹಾಗಾದ್ರೆ ಒಟ್ಟು ವಿಷಯಕ್ಕೆ ಕಿರಣಹಾದಿ, ಈ ಕೊನೆಯ ಹಂತಕ್ಕೆ ಮಾತ್ರ ಜಾಡು ಅಂತ ಎರಡು ಪದ ಇಟ್ಟುಕೊಂಡ್ರೆ ಓದುವವರಿಗೆ ಗೊಂದಲ ಆಗ್ತದಾ? ಮತ್ತೆ ವೇವ್‌ಫ್ರಂಟ್‌ಗೆ, ಅಂದ್ರೆ ಹರಡುವ ಅಲೆಯ ಮುಂದಿನ ಅಂಚಿಗೆ, "ಅಲೆಮೊಗ" ಅಂದ್ರೆ ಕಿವಿಗೆ ಹೇಗೆ ಕೇಳ್ತದೆ ಹೇಳಿ.