ಮಗಳು ಕೇಳುತ್ತಿದ್ದಾಳೆ: ಅಜ್ಜ ಸ್ವರ್ಗಕ್ಕೆ ಹೋಗಲ್ವಾ? ಗೊತ್ತಿದ್ದವರು ಹೇಳಿ

ಸಾಗರದ ಹುಡುಗಿ, ಡಬ್ಲಿನ್:
ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ನಾನು ಓದುವುದೇ ಜಾಸ್ತಿ. ಇವತ್ತು ಬರೆಯಲೇಬೇಕಾಯಿತು.

ಮಗಳಿಗೆ ಏಳು ವರ್ಷ. ಕ್ಯಾಥೊಲಿಕ್ ಶಾಲೆಯಲ್ಲಿ ಎರಡನೇ ಕ್ಲಾಸು. ಮನೆಗೆ ಹತ್ತಿರ ಇದ್ದದ್ದು ಅದೇ, ಸೇರಿಸಿದೆವು. ನವೆಂಬರ್ ಅಂದರೆ ಇವರಿಗೆ ತೀರಿಕೊಂಡವರನ್ನು ನೆನೆಯುವ ತಿಂಗಳು. ಕ್ಲಾಸಿನಲ್ಲಿ ಒಂದು ಒಣ ಕೊಂಬೆ ನಿಲ್ಲಿಸಿ, ಕಾಗದದ ಎಲೆಗಳ ಮೇಲೆ ಹೆಸರು ಬರೆದು ನೇತುಹಾಕುತ್ತಾರೆ. ಇವಳು ಕನ್ನಡದಲ್ಲೇ ‘ಅಜ್ಜ’ ಅಂತ ಬರೆದಿದ್ದಾಳೆ. ನಮ್ಮಪ್ಪ ಆಷಾಢದಲ್ಲಿ ಹೋದರು. ಪಕ್ಕದಲ್ಲಿ ಕೂತ ಮಗು, ‘ನಿಮ್ಮಜ್ಜನಿಗೆ ಜ್ಞಾನಸ್ನಾನ ಆಗಿತ್ತಾ?’ ಅಂತ ಕೇಳಿದೆ. (ಕ್ರೈಸ್ತರಾಗುವಾಗ ನೀರಿನಿಂದ ಕೊಡುವ ದೀಕ್ಷೆ ಅದು.) ಇಲ್ಲ ಅಂದಿದ್ದಾಳೆ. ‘ಹಾಗಾದರೆ ಸ್ವರ್ಗಕ್ಕೆ ಬಿಡಲ್ಲ’ ಅಂದಿತಂತೆ. ಟೀಚರ್ ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ. ಇವಳು ಎಲೆ ಕಿತ್ತು, ಮಡಚಿ, ಊಟದ ಡಬ್ಬಿಯಲ್ಲಿಟ್ಟುಕೊಂಡು ಬಂದಿದ್ದಳು. ಮೂಲೆಗೆ ಉಪ್ಪಿನಕಾಯಿ ಎಣ್ಣೆ ಹತ್ತಿತ್ತು.

ಅಪ್ಪ ಹಾಳೆ ಟೋಪಿ ಹಾಕಿಕೊಂಡು ತೋಟಕ್ಕೆ ಹೋಗಿ, ಸಂಜೆ ಜಗಲಿಯಲ್ಲಿ ಕವಳ ಹಾಕುತ್ತಾ ಕೂರುತ್ತಿದ್ದವರು. ಯಾರ ತಂಟೆಗೂ ಹೋದವರಲ್ಲ. ಮಗಳಿಗೆ ಏನು ಹೇಳಬೇಕೋ ತೋಚಲಿಲ್ಲ.

ಕೇಳಬೇಕಾದ್ದು ಎರಡೇ. ಕ್ಯಾಥೊಲಿಕರು ನಿಜಕ್ಕೂ ಹೀಗೇ ನಂಬುತ್ತಾರಾ? ಮೇ ತಿಂಗಳಲ್ಲಿ ಕ್ಲಾಸಿನವರಿಗೆಲ್ಲ ಮೊದಲ ಪರಮಪ್ರಸಾದ (ಚರ್ಚಿನ ಪೂಜೆಯಲ್ಲಿ ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವುದು), ವರ್ಷವಿಡೀ ಅದರದೇ ತಯಾರಿ. ಆ ಹೊತ್ತಿನಲ್ಲಿ ಇವಳನ್ನು ಏನು ಮಾಡುವುದು?

ತೀರ್ಥಹಳ್ಳಿ ಅಣ್ಣ, ನ್ಯೂಜೆರ್ಸಿ:
ತಂಗಿ, ಬಾಲವಿಹಾರಕ್ಕೆ, ಅದೇ ನಮ್ಮ ಧರ್ಮ ಕಲಿಸುವ ಮಕ್ಕಳ ಕ್ಲಾಸಿಗೆ, ಸೇರಿಸು. ನಮ್ಮ ಮಗಳಿಗೆ ಸಹಸ್ರನಾಮ ಪೂರ್ತಿ ಬಾಯಿಪಾಠ. ಎಳ್ಳಮಾವಾಸ್ಯೆ ಜಾತ್ರೆಗೆ ಊರಿಗೆ ಹೋದಾಗ ರಾಮೇಶ್ವರ ದೇವಸ್ಥಾನದಲ್ಲಿ ಹೇಳಿದಳು ನೋಡು, ಭಟ್ಟರೇ ಬಾಯಿ ಬಿಟ್ಟುಕೊಂಡು ನಿಂತರು. ಬುಡ ಗಟ್ಟಿ ಇದ್ದರೆ ಇಂಥವೆಲ್ಲ ತಾಗಲ್ಲ.

ಶಿವಮೊಗ್ಗದವಳು, ಮೆಲ್ಬರ್ನ್:
ಅಕ್ಕಾ, ನಾನು ಕ್ರೈಸ್ತಳು. ಮನೆ ಮಾತು ಕೊಂಕಣಿ, ಬೀದಿ ಮಾತು ಕನ್ನಡ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಚರ್ಚಿನಿಂದ ಹೊಸ ಭತ್ತದ ತೆನೆ ತಂದರೆ ಪಕ್ಕದ ಮನೆ ಅಜ್ಜಿಗೂ ಒಂದು ಕೊಡುತ್ತಿದ್ದೆವು. ಅವರು ಅದನ್ನು ತಮ್ಮ ದೇವರ ಕೋಣೆ ಬಾಗಿಲಿಗೆ ಸಿಕ್ಕಿಸುತ್ತಿದ್ದರು. ಆ ಅಜ್ಜಿ ಹೋದಾಗ ನಾನೂ ನಿಮ್ಮ ಮಗಳ ಪ್ರಶ್ನೆಯನ್ನೇ ಕೇಳಿದ್ದೆ. ಹಾಗಾಗಿ ಇದನ್ನು ಸ್ವಲ್ಪ ಓದಿಕೊಂಡಿದ್ದೇನೆ.

ಆ ಮಗು ಹೇಳಿದ್ದು ಇವತ್ತಿನ ಧರ್ಮಸಭೆಯ (ಅಂದರೆ ಕ್ಯಾಥೊಲಿಕ್ ಚರ್ಚಿನ, ನಾವು ಸಭೆ ಅಂತಲೂ ಅನ್ನುತ್ತೇವೆ) ಬೋಧನೆ ಅಲ್ಲ. ಆದರೆ ಆಕಾಶದಿಂದ ಉದುರಿದ ಮಾತೂ ಅಲ್ಲ. ಸಭೆಯ ಹೊರಗೆ ರಕ್ಷಣೆ (ಅಂದರೆ ಪಾಪದಿಂದ ಬಿಡುಗಡೆ, ಸ್ವರ್ಗ) ಇಲ್ಲ ಅನ್ನುವ ಮಾತು ಮೂರನೇ ಶತಮಾನದಷ್ಟು ಹಳೆಯದು. ಆಗ ಕಾರ್ತೇಜಿನ ಸಿಪ್ರಿಯನ್ ಅನ್ನುವ ಧರ್ಮಾಧ್ಯಕ್ಷರು (ಬಿಷಪ್) ಅದನ್ನು ಹೇಳಿದ್ದು ಸಭೆ ಒಡೆದು ಹೋಗುತ್ತಿದ್ದವರಿಗೆ. ಆಮೇಲೆ 1442ರಲ್ಲಿ, ಬಿಷಪ್‌ಗಳೆಲ್ಲ ಸೇರಿದ ಫ್ಲಾರೆನ್ಸ್ ಮಹಾಸಭೆ ಅದನ್ನು ಎಲ್ಲರಿಗೂ ಅನ್ವಯಿಸಿ ತುಂಬಾ ಕಟುವಾಗಿ ಬರೆಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ.

ಆದರೆ ಯೇಸುವಿನ ಹೆಸರೇ ಕಿವಿಗೆ ಬೀಳದವರ ಗತಿ ಏನು? ಈ ಪ್ರಶ್ನೆ ಬಿಡಲಿಲ್ಲ. ತಮ್ಮ ತಪ್ಪಿಲ್ಲದೆ ಅರಿಯದೇ ಇದ್ದು ಒಳ್ಳೆಯದಾಗಿ ಬಾಳಿದವರನ್ನು ದೇವರು ಶಿಕ್ಷಿಸುವುದಿಲ್ಲ ಎಂದು 1863ರಲ್ಲಿ ಒಂಬತ್ತನೇ ಪಯಸ್ ಪೋಪ್ ಬರೆದರು. ಅಮೆರಿಕದ ಬೋಸ್ಟನ್ನಿನಲ್ಲಿ ಫೀನಿ ಅನ್ನುವ ಪಾದ್ರಿ, ಕ್ಯಾಥೊಲಿಕರಿಗೆ ಮಾತ್ರ ಸ್ವರ್ಗ ಅಂತ ಹಟ ಹಿಡಿದಿದ್ದರು. 1949ರಲ್ಲಿ ರೋಮ್ ಪತ್ರ ಬರೆದು ಅದು ಸರಿಯಲ್ಲ ಅಂದಿತು. ಅವರು ಬಗ್ಗಲಿಲ್ಲ, ರೋಮಿಗೆ ಬನ್ನಿ ಅಂದರೂ ಹೋಗಲಿಲ್ಲ. 1953ರಲ್ಲಿ ಸಭೆಯಿಂದಲೇ ಹೊರಗೆ ಹಾಕಿದರು. ಸಭೆಯ ಹೊರಗೆ ಯಾರೂ ಉಳಿಯಲ್ಲ ಅಂದವರೇ ಹೊರಗೆ ಹೋಗಬೇಕಾಯಿತು!

ಮುಖ್ಯವಾದದ್ದು ಎರಡನೇ ವ್ಯಾಟಿಕನ್ ಮಹಾಸಭೆ. 1964ರ ‘ಲೂಮೆನ್ ಜೆನ್ಸಿಯುಮ್’ ದಾಖಲೆಯ 16ನೇ ಪರಿಚ್ಛೇದ ನೋಡಿ. ತಮ್ಮ ತಪ್ಪಿಲ್ಲದೆ ಯೇಸುವನ್ನು ಅರಿಯದವರು, ಮನಸ್ಸಾರೆ ದೇವರನ್ನು ಹುಡುಕುತ್ತಾ ಮನಸ್ಸಾಕ್ಷಿ ಹೇಳಿದಂತೆ ಬಾಳಿದರೆ, ಅವರಿಗೂ ರಕ್ಷಣೆ ಸಿಗಬಹುದು ಅಂತ ಅಲ್ಲಿದೆ. ಮಾರನೇ ವರ್ಷದ ಇನ್ನೊಂದು ದಾಖಲೆ ಹಿಂದೂ ಧರ್ಮದ ಹೆಸರು ಹೇಳಿಯೇ, ಈ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ನಾವು ತಳ್ಳಿಹಾಕುವುದಿಲ್ಲ ಅನ್ನುತ್ತದೆ.

ಒಂದು ಮಾತು ಮಾತ್ರ ನಿಮಗೆ ಹಿಡಿಸದೇ ಇರಬಹುದು. ಯಾರು ಉಳಿದರೂ ಯೇಸುವಿನ ಮೂಲಕವೇ ಉಳಿಯುತ್ತಾರೆ, ಅದು ಅವರಿಗೇ ತಿಳಿಯದಿದ್ದರೂ. ಸಭೆ ಇದನ್ನು ಬಿಟ್ಟುಕೊಟ್ಟಿಲ್ಲ. 2000ದಲ್ಲಿ ಮತ್ತೆ ಒತ್ತಿ ಹೇಳಿದೆ.

ಮಗಳಿಗೆ ಇದೆಲ್ಲ ಬೇಡ. 2018ರಲ್ಲಿ ರೋಮಿನ ಹೊರವಲಯದ ಒಂದು ಚರ್ಚಿನಲ್ಲಿ ಪುಟ್ಟ ಹುಡುಗನೊಬ್ಬ ಪೋಪ್ ಫ್ರಾನ್ಸಿಸ್ ಹತ್ತಿರ ಪ್ರಶ್ನೆ ಕೇಳಲು ಬಂದು, ಮೈಕ್ ಮುಂದೆ ಮಾತೇ ಹೊರಡದೆ ಅಳತೊಡಗಿದ. ಪೋಪ್ ಹತ್ತಿರ ಕರೆದು ಅಪ್ಪಿಕೊಂಡರು. ಹುಡುಗ ಕಿವಿಯಲ್ಲಿ ಹೇಳಿದ. ಅವನಪ್ಪ ತೀರಿಕೊಂಡಿದ್ದರು, ದೇವರನ್ನು ನಂಬುತ್ತಿರಲಿಲ್ಲ, ಅಪ್ಪ ಸ್ವರ್ಗದಲ್ಲಿದ್ದಾರಾ? ಪೋಪ್ ಅದನ್ನು ಎಲ್ಲರಿಗೂ ಹೇಳಿ, ಅಲ್ಲಿದ್ದ ಮಕ್ಕಳನ್ನೇ ಕೇಳಿದರು, ಅಷ್ಟು ಒಳ್ಳೆಯ ಅಪ್ಪನನ್ನು ದೇವರು ಕೈಬಿಡುತ್ತಾನಾ ಅಂತ. ಇಲ್ಲ ಅಂತ ಮಕ್ಕಳೆಲ್ಲ ಕೂಗಿದರು. ಈ ಕಥೆ ಹೇಳಿ ಸಾಕು.

ಹೊಸನಗರ ಮಾವ, ಚಿಕಾಗೋ:
1964 ಅಂದಿರಿ. ಲಿಂಗನಮಕ್ಕಿ ಕಟ್ಟೆ ಮುಗಿದ ವರ್ಷ ಅದು. ರೋಮಿನಲ್ಲಿ ಸ್ವರ್ಗದ ಬಾಗಿಲು ತೆಗೆದರು, ಇಲ್ಲಿ ನಮ್ಮೂರು ಮುಳುಗಿತು. ನಮ್ಮಜ್ಜಿ ಕೊನೆಯವರೆಗೂ ನೀರಿನ ಕಡೆಗೇ ಮುಖ ಮಾಡಿ ದೀಪ ಹಚ್ಚುತ್ತಿದ್ದರು.

ನಮ್ಮ ಮಗನೂ ಚಿಕ್ಕವನಿದ್ದಾಗ, ನಮ್ಮಮ್ಮ ಹೋದ ದಿನ, ಅಜ್ಜಿ ಎಲ್ಲಿ ಅಂತ ಕೇಳಿದ್ದ. ಫೋನಿನಲ್ಲಿದ್ದೆ. ಆಮೇಲೆ ಹೇಳ್ತೀನಿ ಅಂದೆ. ಈಗ ಅವನಿಗೆ ಮೂವತ್ತೊಂದು. ಮತ್ತೆ ಕೇಳಲಿಲ್ಲ. ತಾಯಿ, ನಿನ್ನ ಮಗಳು ಕೇಳುತ್ತಿದ್ದಾಳಲ್ಲ.

ವಿನೋಬನಗರಕ್ಕೆ ವಾಪಸ್:
ಮೆಲ್ಬರ್ನ್ ತಂಗಿ ಚೆನ್ನಾಗಿಯೇ ಬರೆದಿದ್ದಾರೆ. ಆದರೆ ‘ಯೇಸುವಿನ ಮೂಲಕವೇ’ ಅನ್ನೋದನ್ನು ಇನ್ನೊಂದು ಸಲ ಓದಿ. ಸಾಗರದ ತೋಟದ ಅಜ್ಜ ಸತ್ತ ಮೇಲೆ ರೋಮಿನವರ ಚೀಟಿ ತೋರಿಸಬೇಕಾ? ಜೀವಮಾನವಿಡೀ ಪೂಜೆ ಮಾಡಿದ್ದಕ್ಕೆ ಲೆಕ್ಕವೇ ಇಲ್ವಾ? ಇದು ಉದಾರತನ ಅಲ್ಲ, ಕರುಣೆ. ನಮಗೆ ಯಾರ ಕರುಣೆಯೂ ಬೇಡ.

ನಾನೂ ಹನ್ನೊಂದು ವರ್ಷ ಲಂಡನ್ನಿನಲ್ಲಿದ್ದೆ. ಮಕ್ಕಳು ಕೈ ತಪ್ಪುವುದು ಹೀಗೇ, ಒಂದೊಂದೇ ಪ್ರಶ್ನೆಯಿಂದ. ಗಂಟು ಮೂಟೆ ಕಟ್ಟಿಕೊಂಡು ಬಂದೆ. ಇವತ್ತು ನನ್ನ ಮಕ್ಕಳಿಗೆ ಅಮಾವಾಸ್ಯೆ ಯಾವಾಗ, ಹುಣ್ಣಿಮೆ ಯಾವಾಗ ಗೊತ್ತು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಇಡೋಕೆ ಅವರೇ ಹೋಗ್ತಾರೆ. ವಾಪಸ್ ಬನ್ನಿ. ಅದೊಂದೇ ಉತ್ತರ.

ಸೊರಬ, ದುಬೈ:
ಸರಿಯಾಗಿ ಹೇಳಿದಿರಿ ಅಣ್ಣ.

ಕೊಪ್ಪದವನು, ಕಾರ್ಕ್:
ಎರಡನೇ ಪ್ರಶ್ನೆಗೆ ನನ್ನ ಅನುಭವ ಹೇಳುತ್ತೇನೆ. ಇಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪ್ರಾಥಮಿಕ ಶಾಲೆಗಳು ಕ್ಯಾಥೊಲಿಕರವೇ, ಶಾಲೆ ಬದಲಿಸುವುದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ. ಐರ್ಲೆಂಡ್ ಸಂವಿಧಾನದ 44ನೇ ವಿಧಿ ಪ್ರಕಾರ, ಸರ್ಕಾರದ ಹಣ ಪಡೆಯುವ ಶಾಲೆಯಲ್ಲಿ ಧರ್ಮಪಾಠಕ್ಕೆ ಕೂರದೇ ಇರುವ ಹಕ್ಕು ಮಗುವಿಗಿದೆ. 2018ರ ಕಾಯಿದೆ ಬಂದ ಮೇಲೆ, ಅಂಥ ಮಕ್ಕಳಿಗೆ ಏನು ವ್ಯವಸ್ಥೆ ಅಂತ ಶಾಲೆ ತನ್ನ ಪ್ರವೇಶ ನೀತಿಯಲ್ಲೇ ಬರೆದಿರಬೇಕು. ಪ್ರಿನ್ಸಿಪಾಲ್‌ಗೆ ಪತ್ರ ಕೊಡಿ. ಆ ಹೊತ್ತಿನಲ್ಲಿ ಮಗು ಎಲ್ಲಿ ಕೂರುತ್ತದೆ, ಏನು ಮಾಡುತ್ತದೆ ಅಂತ ಪತ್ರದಲ್ಲೇ ಕೇಳಿ. ಕೇಳದಿದ್ದರೆ ಹಿಂದಿನ ಬೆಂಚಿನಲ್ಲಿ ಬಣ್ಣ ಹಚ್ಚಿಸುತ್ತಾರೆ, ಪಾಠ ಕಿವಿಗೆ ಬೀಳುತ್ತಲೇ ಇರುತ್ತದೆ. ನನ್ನ ಮಗನಿಗೆ ಹಾಗೇ ಆಯಿತು.

ತೀರ್ಥಹಳ್ಳಿ ಅಣ್ಣ, ನ್ಯೂಜೆರ್ಸಿ:
ವಿನೋಬನಗರದವರೇ, ಎಲ್ಲರಿಗೂ ವಾಪಸ್ ಬರೋಕಾಗುತ್ತಾ? ಸುಮ್ನೆ ಹೇಳಬೇಡಿ. ಅಂದ ಹಾಗೆ ನಿಮ್ಮ ಮಕ್ಕಳು ಓದೋದು ಶಿವಮೊಗ್ಗದಲ್ಲಿ ಯಾವ ಶಾಲೆ? ಕಾನ್ವೆಂಟೇ ಅಲ್ವಾ?

ವಿನೋಬನಗರಕ್ಕೆ ವಾಪಸ್:
ಅದು ಬೇರೆ ವಿಷಯ. ಇಂಗ್ಲಿಷ್ ಚೆನ್ನಾಗಿ ಕಲಿಸ್ತಾರೆ.

ಶೃಂಗೇರಿ ಅಕ್ಕ, ಸಿಂಗಪುರ:
ನಗು ಬಂತು. ನಮ್ಮಲ್ಲಿ ನರಕ ಇಲ್ವಾ ಮಾರಾಯ್ರೆ? ಸೂತಕದ ದಿನಗಳಲ್ಲಿ ಓದಿಸುವ ಪುರಾಣ ಕೇಳಿದ್ದೀರಾ? ಎಣ್ಣೆ ಕೊಪ್ಪರಿಗೆ ಏನು, ಮುಳ್ಳಿನ ಮರ ಏನು. ಆ ಐರಿಷ್ ಮಗು ಪಾಪ, ಅಷ್ಟು ದೂರ ಹೋಗಿಲ್ಲ.

ಆದರೂ ಮೆಲ್ಬರ್ನ್ ತಂಗಿಗೆ ಒಂದು ಪ್ರಶ್ನೆ. ‘ಅರಿಯದವರು’ ಅಂದಿರಿ. ಸಾಗರ ಪೇಟೆಯಲ್ಲೇ ಚರ್ಚ್ ಇದೆ. ಅಜ್ಜನಿಗೆ ಯೇಸು ಗೊತ್ತಿರಲಿಲ್ಲ ಅಂತ ಹೇಗೆ ಹೇಳೋದು?

ಶಿವಮೊಗ್ಗದವಳು, ಮೆಲ್ಬರ್ನ್:
ಸರಿಯಾದ ಜಾಗಕ್ಕೆ ಕೈ ಹಾಕಿದಿರಿ ಅಕ್ಕ. ಹೆಸರು ಕೇಳಿರುವುದು ಬೇರೆ, ಇದೇ ಸತ್ಯ ಅಂತ ಮನಸ್ಸಿಗೆ ಬರುವುದು ಬೇರೆ. ಅದೇ ದಾಖಲೆಯ 14ನೇ ಪರಿಚ್ಛೇದ ಎಚ್ಚರಿಸುವುದು, ಸಭೆ ಬೇಕೇ ಬೇಕು ಅಂತ ತಿಳಿದೂ ಬೇಡ ಅಂದವರನ್ನು. ಚರ್ಚಿನ ಮುಂದೆ ಬಸ್ಸಿನಲ್ಲಿ ಹಾದುಹೋದವರನ್ನಲ್ಲ. ಯಾರ ಮನಸ್ಸಿನಲ್ಲಿ ಏನಿತ್ತು ಅಂತ ತೀರ್ಪು ಕೊಡುವ ಕೆಲಸ ನನ್ನದೂ ಅಲ್ಲ, ಆ ಮಗುವಿನದೂ ಅಲ್ಲ.

ವಿನೋಬನಗರದ ಅಣ್ಣಾ, ಚೀಟಿ ಅಂದಿದ್ದು ಸ್ವಲ್ಪ ನೋವಾಯಿತು. ನಮ್ಮನೆಯ ತೆನೆ ನಿಮ್ಮ ಬೀದಿಯವರೂ ಕಟ್ಟಿದ್ದಾರೆ.

ವಿನೋಬನಗರಕ್ಕೆ ವಾಪಸ್:
ನಿಮ್ಮ ಬಗ್ಗೆ ಹೇಳಿದ್ದಲ್ಲ ತಂಗಿ. ತತ್ವದ ಬಗ್ಗೆ ಹೇಳಿದ್ದು. ತತ್ವದಲ್ಲಿ ನಾನು ಹೇಳಿದ್ದೇ ಸರಿ.

(ಇದರ ಕೆಳಗೆ ಮತಾಂತರ, ಮೀಸಲಾತಿ, ಅಡಿಕೆ ರೇಟಿನ ಬಗ್ಗೆ ಮೂವತ್ತಕ್ಕೂ ಹೆಚ್ಚು ಉತ್ತರಗಳಿವೆ. ದಯವಿಟ್ಟು ವಿಷಯಕ್ಕೆ ಬನ್ನಿ. – ಅಡ್ಮಿನ್)

ಸಾಗರದ ಹುಡುಗಿ, ಡಬ್ಲಿನ್:
ಎಲ್ಲರಿಗೂ ಥ್ಯಾಂಕ್ಸ್. ಆ ಹುಡುಗನ ಕಥೆ ಹೇಳಿದೆ. ಹುಡುಗ ಕಿವಿಯಲ್ಲಿ ಹೇಳಿದ್ದನ್ನು ಪೋಪ್ ಆಮೇಲೆ ಎಲ್ಲರಿಗೂ ಯಾಕೆ ಹೇಳಿದರು ಅಂತ ಮಗಳು ಕೇಳಿದಳು. ಹುಡುಗನ ಒಪ್ಪಿಗೆ ಕೇಳಿಯೇ ಹೇಳಿದ್ದು ಅಂತ ಹುಡುಕಿ ಹೇಳಿದೆ. ಹಾಗಾದ್ರೆ ಸರಿ ಅಂದಳು. ಎಲೆಯನ್ನು ಶಾಲೆಗೆ ಕೊಡುವುದಿಲ್ಲವಂತೆ. ಅಜ್ಜನ ಫೋಟೋದ ಚೌಕಟ್ಟಿಗೆ ಸಿಕ್ಕಿಸಿದ್ದಾಳೆ.

ಕಾರ್ಕ್ ಅಣ್ಣಾ, ನಿಮ್ಮ ಉತ್ತರ ಈಗ ಕಣ್ಣಿಗೆ ಬಿತ್ತು. ಪತ್ರದ ನಮೂನೆ ಇದ್ದರೆ ಕಳಿಸುತ್ತೀರಾ?

ತೀರ್ಥಹಳ್ಳಿ ಅಣ್ಣ, ನ್ಯೂಜೆರ್ಸಿ:
ತಂಗಿ, ಬಾಲವಿಹಾರದ ಲಿಂಕ್ ಕಳಿಸಿದ್ದೇನೆ ನೋಡು. ಆನ್‌ಲೈನ್ ಕ್ಲಾಸೂ ಇದೆ.